ಹುಲುಗೇಶ ತೋರಿಸಿದ ಸಮುದ್ರ

ಎಲ್ಲದಕ್ಕೂ ಮೂಲ ತಂಬ್ರಹಳ್ಳಿ ಕಡೆಯ ಒಬ್ಬ ಹೊಸ ಮದುಮಗಳು. ಪಾಪ, ಆಕೆಯದೇನೂ ತಪ್ಪಿಲ್ಲ. ಗಂಡನ ಜತೆ ಫೋಟೊ ತೆಗೆಸಿಕೊಳ್ಳಲು ಹಗರಿಬೊಮ್ಮನಹಳ್ಳಿಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹುಲುಗೇಶನ ಸ್ಟುಡಿಯೊ. ಒಳಗಿನ ಗೋಡೆಗೆ ಬಣ್ಣದ ಪರದೆ. ಪರದೆಯ ತುಂಬ ನೀಲಿ ಸಮುದ್ರ, ಅಂಚಿಗೆ ಎರಡು ತೆಂಗಿನ ಮರ, ನಡುವೆ ಒಂದು ಹಾಯಿದೋಣಿ. ಹುಲುಗೇಶನ ಹೆಂಡತಿ ಗೀತಮ್ಮ ಆ ಹುಡುಗಿಯ ಸೆರಗು ಸರಿಪಡಿಸುತ್ತಿದ್ದಳು. ಹುಡುಗಿ ಹಿಂದೆ ತಿರುಗಿ ನೋಡಿ ಕೇಳಿದಳು: "ಅಕ್ಕಾ, ಖರೇ ಸಮುದ್ರಾನೂ ಹಿಂಗ ಇರತೈತೇನು?"

ಗೀತಮ್ಮ ಹೂಂ ಅನ್ನಲು ಬಾಯಿ ತೆರೆದವಳು ತಾನೂ ಪರದೆಯ ಕಡೆ ತಿರುಗಿದಳು. ಆಕೆಯ ತವರು ಕೂಡ್ಲಿಗಿ ಹತ್ತಿರದ ಗುಡ್ಡದ ಊರು. ಆಕೆ ಕಂಡ ಅತಿ ದೊಡ್ಡ ನೀರೆಂದರೆ ಊರ ಕೆರೆ, ಅದೂ ಕೋಡಿ ಬಿದ್ದ ವರ್ಷ. "ತಿರುಗಬ್ಯಾಡವ್ವ, ಮುಂದ ನೋಡು" ಎಂದು ಹುಲುಗೇಶ ಫೋಟೊ ಹೊಡೆದು ಗಂಡಹೆಂಡಿರನ್ನು ಕಳಿಸಿಬಿಟ್ಟ. ಹುಡುಗಿ ಹೋದಳು, ಪ್ರಶ್ನೆ ಸ್ಟುಡಿಯೊದಲ್ಲೇ ಉಳಿಯಿತು.

ಆ ಸಂಜೆ ರೊಟ್ಟಿ ಬಡಿಸುತ್ತ ಗೀತಮ್ಮ ಅಂದಳು. "ದಿನಾ ಮುಂಜಾನೆ ಆ ಸಮುದ್ರದ ಧೂಳು ಜಾಡಸಾಕಿ ನಾನು. ಅದು ಹೆಂಗಿರತೈತಿ ಅಂತ ನನಗ ಗೊತ್ತಿಲ್ಲ. ಚೀಟಿ ದುಡ್ಡು ಬಂದೈತಲ್ರಿ, ಗೋಕರ್ಣಕ್ಕ ಹೋಗಿ ಬರಾಮು."

ಹುಲುಗೇಶನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು. ಆ ಚೀಟಿ ದುಡ್ಡಿನ ಮೇಲೆ ಅವನು ಬಹಳ ದಿನದಿಂದ ಕಣ್ಣಿಟ್ಟಿದ್ದ. ಹೊಸಪೇಟೆಯ ಒಂದು ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಕ್ಯಾಮೆರಾ ಇತ್ತು. ಅದಕ್ಕೊಂದು ಉದ್ದನೆಯ ಜೂಮ್ ಲೆನ್ಸು. ರೋಲು ತೊಳೆಸಲು ಹೊಸಪೇಟೆಗೆ ಹೋದಾಗಲೆಲ್ಲ ಹುಲುಗೇಶ ಆ ಅಂಗಡಿಗೆ ಹೋಗಿ ಅದರ ಮುಂದೆ ನಿಲ್ಲುತ್ತಿದ್ದ. ಮೊದಲ ಸಲ ತನಗೇ ಗೊತ್ತಿಲ್ಲದೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿದ್ದನಂತೆ. ಅಂಗಡಿಯವನು ನಕ್ಕು, "ಹಾಕ್ಕೊಂಡ ಬರ್ರಿ, ಇದು ಗುಡಿಯಲ್ಲ" ಅಂದಿದ್ದ. "ಇರ್ಲಿ ಬಿಡ್ರಿ" ಅಂದಿದ್ದ ಹುಲುಗೇಶ. ಒಂದು ಸಲ ಅಂಗಡಿಯವನು ಅದನ್ನು ಅವನ ಕೈಗೂ ಕೊಟ್ಟ. ರಸ್ತೆಯಾಚೆ ಮೂರನೇ ಮಾಳಿಗೆಯ ಮೇಲೆ ಒಂದು ಪಾರಿವಾಳ ಕೂತಿತ್ತು. ಲೆನ್ಸು ತಿರುಗಿಸಿದ. ಪಾರಿವಾಳ ಅವನ ಮೂಗಿನ ಮುಂದೆ ಬಂದು ಕಣ್ಣು ಮಿಟುಕಿಸಿತು. ಅದರ ಕೆಂಪು ಕಣ್ಣೊಳಗೆ ಒಂದು ಕಿಟಕಿಯ ನೆರಳು ಕೂಡ ಕಂಡಿತು. ಆವತ್ತು ಬಸ್ಸಿನಲ್ಲಿ ಮರಿಯಮ್ಮನಹಳ್ಳಿ ದಾಟುವವರೆಗೂ ಆ ಪಾರಿವಾಳ ಅವನ ಕಣ್ಣ ಮುಂದೆಯೇ ಕೂತಿತ್ತು.

ಅಲ್ಲದೆ ಹೊಟ್ಟೆಪಾಡೂ ಇತ್ತು. ಅವನದು ಅಪ್ಪನ ಕಾಲದ ಕ್ಯಾಮೆರಾ. ತಾಳಿ ಕಟ್ಟುವ ಗಳಿಗೆಗೆ ಹೆಂಗಸರು ಅಡ್ಡ ನಿಂತರೆ ಅವನ ಫೋಟೊದಲ್ಲಿ ಬರೀ ತುರುಬುಗಳು ಬರುತ್ತಿದ್ದವು. ಲಗ್ನದ ಮನೆಯವರು ಒಬ್ಬೊಬ್ಬರಾಗಿ ಬೇರೆ ಸ್ಟುಡಿಯೊ ಹುಡುಕಿಕೊಳ್ಳುತ್ತಿದ್ದರು.

"ಸಮುದ್ರ ನೋಡಿ ಏನು ಮಾಡ್ತಿ?" ಅಂದ. "ನೀರು ನೋಡಿದ್ರ ಹೊಟ್ಟಿ ತುಂಬತೈತೇನು? ನನಗ ಕ್ಯಾಮೆರಾ ಬೇಕು, ಸಮುದ್ರ ಬ್ಯಾಡ."

ಇದನ್ನು ಮನೆಯೊಳಗೆ ಅಂದಿದ್ದರೆ ಮುಗಿಯುತ್ತಿತ್ತು. ಸಿಟ್ಟಿನಲ್ಲಿ ಕಟ್ಟೆಗೆ ಬಂದು ಓಣಿಗೆಲ್ಲ ಕೇಳುವಂತೆ ಅಂದ. ನಮ್ಮ ಕಡೆ ಓಣಿಗೆ ಬಿದ್ದ ಮಾತು ಓಣಿಯದೇ ಆಗುತ್ತದೆ, ಆಡಿದವನದಲ್ಲ. ಎರಡು ದಿನದಲ್ಲಿ ಓಣಿ ಎರಡಾಯಿತು. ಗಂಡಸರೆಲ್ಲ ಕ್ಯಾಮೆರಾ ಪಕ್ಷ, ಹೆಂಗಸರೆಲ್ಲ ಸಮುದ್ರದ ಪಕ್ಷ. ಎದುರುಮನೆಯ ಗಂಡಹೆಂಡಿರು ಇದೇ ವಿಷಯಕ್ಕೆ ಮಾತು ಬಿಟ್ಟರು. ಅವರ ಮನೆಯಲ್ಲಿ ಚೀಟಿಯೂ ಇರಲಿಲ್ಲ, ಕ್ಯಾಮೆರಾದ ಆಸೆಯೂ ಇರಲಿಲ್ಲ.

ದುಡ್ಡು ಇದ್ದದ್ದು ಚೀಟಿ ನಡೆಸುವ ಗಾದೆಮ್ಮನ ಹತ್ತಿರ. ಗಾದೆಮ್ಮ ಅಂದರೆ ಓಣಿಯ ಕೋರ್ಟು. ಗಂಡಹೆಂಡಿರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಎಲೆಗೆ ಸುಣ್ಣ ಸವರುತ್ತ ಆಕೆ ತೀರ್ಪು ಕೊಟ್ಟಳು. "ಚೀಟಿ ಗೀತಮ್ಮನ ಹೆಸರಿಲೆ ಐತಿ. ಆದ್ರ ಹುಲುಗೇಶಪ್ಪನ ದುಡಿಮಿನೂ ಅದರಾಗ ಐತಿ. ಹಿಂಗ ಮಾಡಪ್ಪ ಹುಲುಗೇಶ. ನಿನ್ನ ಕೈಲೆ ಖರ್ಚು ಮಾಡಿ ಆಕಿಗಿ ಸಮುದ್ರ ತೋರಿಸು. 'ಸಮುದ್ರ ನೋಡಿದೆ' ಅಂತ ಆಕಿ ತನ್ನ ಬಾಯಿಲೆ ನನಗ ಹೇಳ್ಬೇಕು. ಅವತ್ತ ಚೀಟಿ ದುಡ್ಡು ನಿನ್ನ ಕೈಯಾಗ."

"ಆತಕ್ಕ" ಅಂದಳು ಗೀತಮ್ಮ. ಹುಲುಗೇಶನೂ ತಲೆಯಾಡಿಸಿದ. ಗೋಕರ್ಣಕ್ಕೆ ಇಬ್ಬರು ಹೋಗಿಬರುವ ಖರ್ಚು ಎಲ್ಲಿಂದ ತರಬೇಕೆಂಬುದು ಮನೆಗೆ ಹೋದ ಮೇಲೆ ನೆನಪಾಯಿತು.

ದಾರಿ ತೋರಿಸಿದವನು ಅಜ್ಜಯ್ಯ. ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಅವನದು ಬಾಡಿಗೆ ಬಸ್ಸು, ಟೆಂಪೊ ಗೊತ್ತುಮಾಡಿಕೊಡುವ ಆಫೀಸು. ಒಂದು ಟೇಬಲ್ಲು, ಒಂದು ಫೋನು, ಊರಿಗೆಲ್ಲ ಆಗಿ ಉಳಿಯುವಷ್ಟು ಬುದ್ಧಿ.

"ಲೇ ಹುಲುಗೇಶ, ಈ ವರ್ಷ ಡ್ಯಾಂ ತುಂಬೈತಿ. ಹಿನ್ನೀರು ಹಡಗಲಿ ರಸ್ತಿ ಕಡಿ ಹೊಲದ ತನಕ ಬಂದೈತಂತ. ಆಚಿ ದಂಡಿ ಕಾಣಂಗಿಲ್ಲ. ದಂಡಿ ಕಾಣಲಾರದ ನೀರಿಗಿ ಏನಂತಾರ?"

"ಏನಂತಾರ?"

"ಸಮುದ್ರ ಅಂತಾರ."

ಹುಲುಗೇಶ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅದು ಇಲ್ಲೇ ಒಂದು ತಾಸಿನ ದಾರಿ ಅಲ್ಲೇನಣ್ಣ? ಆಕಿಗಿ ಗೊತ್ತಾಗಂಗಿಲ್ಲೇನು?"

"ನೆಟ್ಟಗ ಹೋದ್ರ ಗೊತ್ತಾಗತೈತಿ. ನೆಟ್ಟಗ ಹೋಗಂತ ಯಾರು ಹೇಳಿದ್ರು? ಕೊಟ್ಟೂರಿಗೆ ಹೋಗು. ಅಲ್ಲಿಂದ ಹರಪನಹಳ್ಳಿ. ಅಲ್ಲಿಂದ ಹಡಗಲಿ. ಹಡಗಲ್ಯಾಗ ಮತ್ತೊಂದು ಬಸ್ಸು ಹತ್ತಿ ನಡುದಾರ್ಯಾಗ ಇಳಿ. ಊರು ದೂರ ಅಂತ ಮನಿಷ್ಯಾಗ ಹೆಂಗ ಗೊತ್ತಾಗತೈತಿ? ಮೈ ನೋಯ್ದ್ರ. ದಿನಪೂರ್ತಿ ಬಸ್ಸಿನಾಗ ಕುಂದ್ರಸು, ಆಕಿ ಸೊಂಟಾನ ಆಕಿಗಿ ಹೇಳತೈತಿ, ಸಮುದ್ರ ಬಂತು ಅಂತ."

ಹುಲುಗೇಶ ಬೆರಗಾದ. ಭೂಗೋಳವನ್ನು ಇಷ್ಟು ಸುಲಭ ಮಾಡಿ ಅವನಿಗೆ ಯಾವ ಮಾಸ್ತರೂ ಹೇಳಿರಲಿಲ್ಲ.

ಮಾರನೆಯ ದಿನವೇ ಹೊರಟರು. ಗೀತಮ್ಮ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು ಬೆಳಕು ಹರಿಯುವ ಮುಂಚೆ ಸಿದ್ಧಳಾಗಿದ್ದಳು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಆಕೆಯನ್ನು ಬೀಳ್ಕೊಟ್ಟ ರೀತಿ ನೋಡಬೇಕಿತ್ತು. ಅಜ್ಜಯ್ಯನ ಹೆಂಡತಿ ನಾಗಲಿಂಗಮ್ಮ ಅರಿಸಿನ ಕುಂಕುಮ ಹಚ್ಚಿ, "ಹುಷಾರವ್ವ, ಅಲೆ ಬಂದ್ರ ಹಿಂದಕ್ಕ ಸರಿ" ಅಂದಳು. ಹುಲುಗೇಶ ಮುಖ ಆಚೆ ತಿರುಗಿಸಿದ. ಹೆಗಲಿಗೆ ಹಳೆಯ ಕ್ಯಾಮೆರಾ ನೇತುಹಾಕಿಕೊಂಡು ಬೇಗ ಬೇಗ ಮುಂದೆ ನಡೆದ.

ಕೊಟ್ಟೂರು ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಗೀತಮ್ಮ ಕೇಳಿದಳು. "ಗೋಕರ್ಣಕ್ಕ ಹುಬ್ಬಳ್ಳಿ ಮ್ಯಾಲ ಹೋಗ್ಬೇಕಂತಲ್ರಿ?"

"ಅದು ಗೋಕರ್ಣದ ಸಮುದ್ರಕ್ಕ. ನಾವು ಹೋಗೋದು ಈ ಕಡಿ ಸಮುದ್ರಕ್ಕ."

"ಸಮುದ್ರ ಎಷ್ಟದಾವು?"

"ಏಳು ಅಂತ ಪುರಾಣದಾಗ ಹೇಳ್ಯಾರಲ್ಲ" ಎಂದು ಹುಲುಗೇಶ ಕಿಟಕಿಯ ಹೊರಗೆ ನೋಡಿದ. ಏಳರಲ್ಲಿ ಒಂದು ಹತ್ತಿರವಿರಬಾರದೆಂದು ಎಲ್ಲೂ ಬರೆದಿಲ್ಲವಲ್ಲ.

ಕೊಟ್ಟೂರಿನಲ್ಲಿ ಇಳಿದ ಕೂಡಲೆ ಮಾರೇಶ ಎದುರಾದ. ಅವನೂ ಸ್ಟುಡಿಯೊದವನೇ, ಹುಲುಗೇಶನ ಹಳೇ ದೋಸ್ತ. "ಏನಲೇ, ಜೋಡಿ ಎಲ್ಲಿಗಿ ಹೊಂಟೈತಿ?"

"ಸಮುದ್ರಕ್ಕ" ಅಂದಳು ಗೀತಮ್ಮ.

ಮಾರೇಶ ಹರಪನಹಳ್ಳಿಯ ಬಸ್ಸು ನೋಡಿದ, ಗೀತಮ್ಮನನ್ನು ನೋಡಿದ. "ಈ ಬಸ್ಸಿಗಾ?" ಅನ್ನುವಷ್ಟರಲ್ಲಿ ಹುಲುಗೇಶ ಅವನ ತೋಳು ಚಿವುಟಿ ಹೋಟೆಲಿಗೆ ಎಳೆದುಕೊಂಡು ಹೋದ. ಮಂಡಕ್ಕಿ, ಮಿರ್ಚಿ, ಚಾ ಆದ ಮೇಲೆ ಮಾರೇಶನ ಮುಖ ತಿಳಿಯಾಯಿತು. ಉಪಕಾರ ಮಾಡಬೇಕೆಂಬ ಉತ್ಸಾಹ ಮಾತ್ರ ಹೆಚ್ಚಾಯಿತು. ಹೊರಬಂದು ಗೀತಮ್ಮನಿಗೆ, "ಹೌದು ಅತ್ತಿಗಿ, ನಾನೂ ಹೋಗೀನಿ. ಭಾರಿ ಐತಿ. ಹಡಗು ಗಿಡಗು ಎಲ್ಲಾ ಅದಾವು" ಅಂದ. ಹುಲುಗೇಶ ಕಣ್ಣು ಮುಚ್ಚಿಕೊಂಡ. ಹಿನ್ನೀರಿನಲ್ಲಿ ಈಗ ಹಡಗು ಎಲ್ಲಿಂದ ತರುವುದು?

"ಹಡಗೂ ಅದಾವೇನು? ಭಾಳ ಚಲೋ ಆತು" ಅಂದಳು ಗೀತಮ್ಮ. ಎದುರಿಗೇ ಇದ್ದ ಎಸ್ಟಿಡಿ ಬೂತಿನ ಕಡೆ ಒಮ್ಮೆ ನೋಡಿ, ಗಂಡನ ಕಡೆ ತಿರುಗಿದಳು. "ಏನಾರ ಹೇಳೋದೈತೇನ್ರಿ?"

"ಏನಿಲ್ಲ, ಬಸ್ಸು ಹೊಂಟ್ತು, ಹತ್ತು."

ಹರಪನಹಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಬುತ್ತಿ ಇದ್ದರೂ ಗೀತಮ್ಮ ಖಾನಾವಳಿಯಲ್ಲೇ ಉಣ್ಣಬೇಕೆಂದಳು. ಸಮುದ್ರಕ್ಕೆ ಹೋಗುವವರು ತಂಗಳು ಉಂಡು ಹೋಗಬಾರದಂತೆ. ಆಮೇಲೆ ಬಳೆ ಅಂಗಡಿ. ಗಂಗಮ್ಮನ ಮುಂದೆ ಬೋಳುಗೈಯಲ್ಲಿ ನಿಲ್ಲಬಾರದಂತೆ. ಆಮೇಲೆ ಕಾಯಿ, ಬಾಳೆಹಣ್ಣು, ಊದಿನಕಡ್ಡಿ. ಹುಲುಗೇಶ ತುಟಿ ಕಚ್ಚಿಕೊಂಡು ಕೊಡುತ್ತ ಹೋದ. ಪಾರಿವಾಳದ ಕಣ್ಣು ನೆನೆಸಿಕೊಂಡಾಗಲೆಲ್ಲ ಕೊಡುವ ಕೈಗೆ ಬಲ ಬರುತ್ತಿತ್ತು. ಬಳೆ ಅಂಗಡಿಯ ಪಕ್ಕದಲ್ಲೂ ಒಂದು ಎಸ್ಟಿಡಿ ಬೂತು. ಅದರ ಮುಂದೆ ನಿಂತು ಗೀತಮ್ಮ ಹೊಸ ಬಳೆ ಆಡಿಸುತ್ತ, "ಏನಾರ ಹೇಳ್ಬೇಕಂತ ಮಾಡೀರೇನು?" ಎಂದಳು. "ಬಳಿ ಚಂದ ಕಾಣತಾವು" ಅಂದ ಹುಲುಗೇಶ.

ಹಡಗಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಚಿಗಟೇರಿಯ ಓಬಮ್ಮ ಎಂಬ ಮುದುಕಿ. ಕೈಯಲ್ಲಿ ಒಂದು ಗಂಟು. ಹಡಗಲಿಯಲ್ಲಿರುವ ಮಗಳ ಮನೆಗೆ, ಹೇಳದೆ ಕೇಳದೆ ಹೊರಟಿದ್ದಳು.

"ನೀವು ಎಲ್ಲಿಗೆ ಹೊಂಟೀರವ್ವ?" ಎಂದು ಕೇಳಿದಳು.

"ಸಮುದ್ರಕ್ಕಮ್ಮ. ನಮ್ಮ ಯಜಮಾನ್ರು ತೋರಿಸ್ತೀನಿ ಅಂದಾರ."

ಮುದುಕಿ ಹುಲುಗೇಶನನ್ನು ನೋಡಿದ ನೋಟವೇ ಬೇರೆ. ಸಮುದ್ರವನ್ನು ಅವನೇ ತೋಡಿಸಿದ್ದಾನೋ ಏನೋ ಅನ್ನುವ ಹಾಗೆ ನೋಡಿದಳು. "ಯಪ್ಪಾ, ಸಮುದ್ರ ಹಡಗಲಿ ಕಡೆ ಐತೆ ಅಂತ ನನಗೆ ಯಾರೂ ಹೇಳಲಿಲ್ಲ ನೋಡು. ಸಾಯೋದ್ರೊಳಗೆ ಒಂದ್ಸಲ ನೋಡಬೇಕಂತ ಇದ್ದೆ. ಮಗಳು ಎಲ್ಲಿಗೂ ಓಡಿ ಹೋಗಲ್ಲ. ನಾನೂ ಬರ್ತೀನಿ."

"ಬ್ಯಾಡಮ್ಮ, ಬಹಳ ದೂರ, ನಿನಗ ಆಗಂಗಿಲ್ಲ" ಅಂದ ಹುಲುಗೇಶ.

"ಪಾಪ, ಬರ್ಲಿ ಬಿಡ್ರಿ. ಇದ್ದ ಸಮುದ್ರ ಇನ್ನೊಬ್ರು ನೋಡಿದ್ರ ಸವೆದು ಹೋಗತೈತೇನು?" ಅಂದಳು ಗೀತಮ್ಮ. ಮುದುಕಿಯ ಟಿಕೆಟ್ಟೂ ಹುಲುಗೇಶನ ಮೇಲೆ ಬಿತ್ತು.

ಹಡಗಲಿಯಲ್ಲಿ ಮಲ್ಲಿಗೆ ಕೊಂಡದ್ದಾಯಿತು. ಅಲ್ಲಿ ನಿಜವಾದ ಗಂಡಾಂತರ ಕಾದಿತ್ತು. ಅವರು ಹತ್ತಬೇಕಾದ ಬಸ್ಸಿನ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಗರಿಬೊಮ್ಮನಹಳ್ಳಿ ಎಂದು ಬರೆದಿತ್ತು. ಹುಲುಗೇಶ ಹೆಂಡತಿಯನ್ನು ಬಸ್ಸಿನ ಹಿಂದಿನಿಂದ ಸುತ್ತಿಸಿ ಕರೆತಂದ. ಅಷ್ಟರಲ್ಲಿ ಕಂಡಕ್ಟರು ಬಾಗಿಲಲ್ಲಿ ನಿಂತು, "ಬೊಮ್ಮನಳ್ಳಿ, ಬೊಮ್ಮನಳ್ಳಿ" ಎಂದು ಗಂಟಲು ಹರಿಯುವ ಹಾಗೆ ಕೂಗತೊಡಗಿದ.

"ಇದ್ಯಾಕ್ರಿ ನಮ್ಮೂರ ಹೆಸರು ಕೂಗ್ತಾನ?"

"ಇದು ನಮ್ಮೂರಿಂದ ಬಂದಿದ್ದು. ಹೊಳ್ಳಿ ಹೋಗುವಾಗ ಸಮುದ್ರ ಮುಟ್ಟಿ ಹೋಗತೈತಿ."

"ಹಂಗಾದ್ರ ಮುಂಜಾನೆ ಇದ ಬಸ್ಸಿಗಿ ಬಂದಿದ್ರ ಆಗ್ತಿತ್ತಲ್ಲ?"

ಹುಲುಗೇಶ ಬೆವರೊರೆಸಿಕೊಂಡ. "ಮುಂಜಾನೆ ಇದು ಸಮುದ್ರ ಮುಟ್ಟಂಗಿಲ್ಲ. ಸಂಜೀಕಷ್ಟ."

ಗೀತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಕೆಮ್ಮು ನಿಂತ ಮೇಲೆ, ಅಲ್ಲಿಯೂ ಇದ್ದ ಎಸ್ಟಿಡಿ ಬೂತನ್ನು ನೋಡಿ ಒಂದು ಉಸಿರು ಬಿಟ್ಟು ಬಸ್ಸು ಹತ್ತಿದಳು.

ನಡುದಾರಿಯ ಒಂದು ಕ್ರಾಸಿನಲ್ಲಿ ಇಳಿದರು. ಜೋಳದ ಹೊಲದ ನಡುವೆ ಬಂಡಿದಾರಿ. ಒಂದು ಟ್ರ್ಯಾಕ್ಟರು ಅರ್ಧ ದಾರಿ ಹತ್ತಿಸಿಕೊಂಡು ಹೋಗಿ ಬಿಟ್ಟಿತು. ಮುಂದೆ ಒಂದು ದಿಬ್ಬ. ಹೊತ್ತು ಇಳಿಯುತ್ತಿತ್ತು. ಹುಲುಗೇಶನಿಗೆ ಆಗ ಹೊಸ ಭಯ ಶುರುವಾಯಿತು. ಅವನು ಹುಟ್ಟಿದ್ದು ಬೆಳೆದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಈ ಹಿನ್ನೀರನ್ನು ಒಂದು ದಿನವೂ ಬಂದು ನೋಡಿದವನಲ್ಲ. ಇಲ್ಲೇ ಐತಲ್ಲ ಬಿಡು ಅಂತ ಬಿಟ್ಟದ್ದು. ದಿಬ್ಬದಾಚೆ ಒಂದು ದೊಡ್ಡ ಹೊಂಡವಷ್ಟೇ ಇದ್ದರೆ ಏನು ಗತಿ? ಅಜ್ಜಯ್ಯನ ಮಾತು ನಂಬಿ ಯಾರು ಉದ್ಧಾರವಾಗಿದ್ದಾರೆ? ದೇವರೇ, ಮೊಣಕಾಲುದ್ದವಾದರೂ ನೀರಿರಲಿ ಎಂದುಕೊಂಡು ಎಲ್ಲರಿಗಿಂತ ಮೊದಲು ದಿಬ್ಬ ಹತ್ತಿದ.

ಹತ್ತಿದವನು ಅಲ್ಲೇ ನಿಂತ.

ನೀರು. ಎಡಕ್ಕೆ ನೋಡಿದರೆ ನೀರು, ಬಲಕ್ಕೆ ನೋಡಿದರೆ ನೀರು, ಮುಂದೆ ನೋಡಿದರೆ ಎಲ್ಲಿ ನೀರು ಮುಗಿದು ಎಲ್ಲಿ ಆ ಸಂಜೆಯ ಆಕಾಶ ಶುರುವಾಯಿತೆಂದು ಹೇಳುವ ಹಾಗಿರಲಿಲ್ಲ. ಸೂರ್ಯ ಅದರ ಮೇಲೆ ಒಂದು ಕೆಂಪು ದಾರಿ ಹಾಸಿದ್ದ. ಆ ದಾರಿ ನೇರವಾಗಿ ಹುಲುಗೇಶನ ಕಾಲ ಬುಡಕ್ಕೆ ಬಂದು ನಿಂತಿತ್ತು. ಮುಳುಗಿದ ಜಾಲಿ ಮರಗಳ ತಲೆಗಳು ಅಲ್ಲಲ್ಲಿ ಕಾಣುತ್ತಿದ್ದವು, ಅವುಗಳ ತುಂಬ ಬಿಳಿ ಹಕ್ಕಿ. ದೂರದಲ್ಲಿ ಮೀನು ಹಿಡಿಯುವವನ ಹರಿಗೋಲು ಒಂದು ಸಾಸಿವೆ ಕಾಳಿನಷ್ಟಿತ್ತು. ಇಷ್ಟು ದೊಡ್ಡದೊಂದು ಇಷ್ಟು ಸುಮ್ಮನೆ ಇರಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. ದಂಡೆಗೆ ಬಂದು ತಾಗುವ ಸಣ್ಣ ಸಪ್ಪಳ ಬಿಟ್ಟರೆ ಬೇರೆ ಮಾತಿಲ್ಲ.

ಅಭ್ಯಾಸಬಲದಿಂದ ಕ್ಯಾಮೆರಾ ತೆಗೆದು ಕಣ್ಣಿಗೆ ಹಚ್ಚಿದ. ಅಷ್ಟೂ ನೀರು ಒಂದು ಬಟ್ಟಲಷ್ಟಾಯಿತು. ಇಳಿಸಿದ, ಅಷ್ಟೂ ನೀರು ಮತ್ತೆ ಬಂತು. ಮತ್ತೆ ಹಚ್ಚಿದ, ಬಟ್ಟಲು. ಮತ್ತೆ ಇಳಿಸಿದ. ಹೊಸಪೇಟೆಯ ಜೂಮ್ ಇದ್ದಿದ್ದರೆ ಅಂತ ಅನ್ನಿಸಿತು. ಅದಿದ್ದರೂ ಈ ನೀರಿನಲ್ಲಿ ಯಾವುದನ್ನು ಎಳೆದು ಹತ್ತಿರ ತರುವುದು? ಎಲ್ಲವೂ ಬೇಕಿತ್ತು, ಇದ್ದಲ್ಲೇ ಬೇಕಿತ್ತು. ಅವನು ಚಪ್ಪಲಿ ಬಿಟ್ಟು, ಕ್ಯಾಮೆರಾವನ್ನು ಚಪ್ಪಲಿಯ ಪಕ್ಕಕ್ಕಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ನಿಂತ.

ಹಿಂದೆ ಬಂದ ಓಬಮ್ಮ ಗಂಟು ಕೆಳಗಿಟ್ಟು ಕೈ ಮುಗಿದಳು. ಗೀತಮ್ಮನೂ ಬಂದಳು. ಆಕೆಯ ಕೈಯಲ್ಲಿದ್ದ ಮಲ್ಲಿಗೆ ಕೈಯಲ್ಲೇ ಇತ್ತು, ಬಾಯಿ ಸ್ವಲ್ಪ ತೆರೆದಿತ್ತು.

ಬಹಳ ಹೊತ್ತಿನ ಮೇಲೆ ಮುದುಕಿ ನೀರಿಗಿಳಿದು ಬೊಗಸೆ ತುಂಬಿಕೊಂಡು ಕುಡಿದಳು. "ಸಿಹಿ ಐತಲ್ಲಪ್ಪ. ಸಮುದ್ರದ ನೀರು ಉಪ್ಪು ಅಂತಾರೆ. ರಾಮೇಶ್ವರಕ್ಕೆ ಹೋಗೋದು ಇದೇ ನೀರೇನು?"

ಈ ಪ್ರಶ್ನೆಗೆ ಬೇಕಾದ ಸುಳ್ಳನ್ನು ಹುಲುಗೇಶ ಕೊಟ್ಟೂರಿನಿಂದಲೇ ಸಿದ್ಧಮಾಡಿಕೊಂಡು ಬಂದಿದ್ದ. ಆದರೆ ಆ ನೀರಿನ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ಅಲ್ಲಮ್ಮ" ಅಂದ. "ಇದು ಸಮುದ್ರ ಅಲ್ಲ. ನಮ್ಮ ಹೊಳೀದ ಹಿನ್ನೀರು. ಗೀತಾ, ನಾನು ನಿನಗ ಮೋಸ ಮಾಡಿದೆ. ಇಲ್ಲಿಂದ ನಮ್ಮೂರು ಒಂದು ತಾಸೂ ಇಲ್ಲ. ಕ್ಯಾಮೆರಾದ ಆಸೆಗಿ ನಿನ್ನ ನಾಕೂರು ಸುತ್ತಿಸಿ ಇಲ್ಲಿಗಿ ಕರ್ಕೊಂಡು ಬಂದೆ."

ಗೀತಮ್ಮ ನೀರನ್ನೇ ನೋಡುತ್ತಿದ್ದಳು. ಹುಲುಗೇಶನಿಗೆ ತಡೆಯಲಾಗಲಿಲ್ಲ. "ನನಗ ಈಗ ಕ್ಯಾಮೆರಾ ಬ್ಯಾಡ. ಬರೀ ಹಿನ್ನೀರ ಇಷ್ಟೈತಿ ಅಂದ್ರ ಸಮುದ್ರ ಹೆಂಗಿರಬೇಕು ಹೇಳು. ನನಗ ನೋಡ್ಬೇಕು. ಚೀಟಿ ದುಡ್ಡು ನೀನ ಇಸ್ಕ. ಗೋಕರ್ಣಕ್ಕ ಹೋಗಾಮು, ಇಬ್ರೂ ಹೋಗಾಮು. ನಾಳಿನ ಹೋಗಾಮು."

ಗೀತಮ್ಮ ಕಣ್ಣೊರೆಸಿಕೊಂಡು ನಿಧಾನವಾಗಿ ಗಂಡನ ಪಕ್ಕ ಬಂದು ನಿಂತಳು. "ಇದು ಹಿನ್ನೀರು ಅಂತ ನನಗ ಗೊತ್ತೈತ್ರಿ."

"ಯಾವಾಗಿಂದ?"

"ಮುಂಜಾನೆ ಮನಿ ಬಿಡಾಕ ಮೊದ್ಲಿಂದ. ಅಜ್ಜಯ್ಯ ರಾತ್ರಿ ನಾಗಲಿಂಗಮ್ಮನ ಮುಂದ ಹೇಳ್ಯಾನ. ನಾಗಲಿಂಗಮ್ಮ ನಲ್ಲಿ ಮುಂದ ಹೇಳ್ಯಾಳ. ಓಣ್ಯಾಗ ನಿಮ್ಮೊಬ್ಬರನ್ನ ಬಿಟ್ರ ಎಲ್ರಿಗೂ ಗೊತ್ತೈತಿ."

ಹುಲುಗೇಶನಿಗೆ ಅಲೆ ಬಂದರೆ ಹಿಂದಕ್ಕೆ ಸರಿ ಎಂದ ನಾಗಲಿಂಗಮ್ಮನ ಮುಖ ಈಗ ಸರಿಯಾಗಿ ಕಂಡಿತು. "ಮತ್ತ ಯಾಕ ಬಂದಿ?"

"ಲಗ್ನ ಆದಾಗಿಂದ ನೀವು ನನ್ನ ಇಷ್ಟು ಊರು ಕರ್ಕೊಂಡು ತಿರುಗಿದ್ದು ಇದ ಮೊದ್ಲು. ಉಂಡಿದ್ದು, ಬಳಿ ಇಟ್ಕೊಂಡಿದ್ದು, ಹೂವು ತಗೊಂಡಿದ್ದು. ನಡುವ ಮಾತಾಡಿ ಯಾಕ ಕೆಡಿಸ್ಲಿ ಅಂದ್ಕೊಂಡೆ. ಆದ್ರ ಹಿನ್ನೀರು ಇಷ್ಟೈತಿ ಅಂತ ನನಗೂ ಗೊತ್ತಿರಲಿಲ್ಲ. ನಗಾಡ್ಬೇಕಂತ ಬಂದಿದ್ದೆ, ನಗು ಬರಲಿಲ್ಲ."

ಹುಲುಗೇಶನಿಗೆ ಹೆಂಡತಿಯ ಮೇಲೆ ಅವತ್ತು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. "ಆತು, ಇಬ್ರೂ ಗೋಕರ್ಣಕ್ಕ ಹೋಗಾಮು" ಅಂದ.

"ಅಲ್ಲೇ ಆಗಿದ್ದು ನೋಡ್ರಿ ತಪ್ಪು" ಎಂದಳು ಗೀತಮ್ಮ. "ನಸಿಕಿನಾಗ ನಲ್ಲಿ ಮುಂದ ಓಣಿ ಹೆಂಗಸ್ರೆಲ್ಲ ಸೇರಿ ಗೋಕರ್ಣಕ್ಕ ಬಸ್ಸು ಮಾಡೀವಿ. ಅಜ್ಜಯ್ಯನ ಮಾಡಿಕೊಟ್ಟಾನ. ಬಾಡಿಗಿ ಪೂರಾ ನಮ್ಮ ಚೀಟಿ ದುಡ್ಡಿಲೆ ಕೊಡೋದು, ಉಳಿದವ್ರು ಸುಗ್ಗಿ ಆದ ಮ್ಯಾಲ ಅವರವರ ಪಾಲು ಕೊಡ್ತಾರ. ಸಂಜಿಕ ದುಡ್ಡು ಕಟ್ಟು, ಅಷ್ಟ್ರಾಗ ನಮ್ಮ ಯಜಮಾನ್ರು ಖರೇ ಹೇಳಿದ್ರ ಫೋನ್ ಮಾಡಿ ದುಡ್ಡು ಕಟ್ಟೋದು ಬಿಡಿಸ್ತೀನಿ ಅಂತ ಗಾದೆಮ್ಮಗ ಹೇಳಿ ಬಂದಿದ್ದೆ. ಕೊಟ್ಟೂರಾಗ ಕೇಳಿದೆ, ಹರಪನಹಳ್ಳ್ಯಾಗ ಕೇಳಿದೆ. ನೀವು ಬಳಿ ಚಂದ ಕಾಣತಾವು ಅಂದ್ರಿ. ಹಡಗಲ್ಯಾಗ ಕೇಳೋದನ್ನ ಬಿಟ್ಟೆ. ಇಲ್ಲಿ ಫೋನಿಲ್ಲ. ಇಷ್ಟೊತ್ತಿಗಿ ಕಟ್ಯಾಳ."

"ಬಸ್ಸು ಯಾವಾಗ?"

"ಇವತ್ತ. ರಾತ್ರಿ ಉಣ್ಣೋ ಹೊತ್ತಿಗಿ."

"ಹಂಗಾದ್ರ ನಾನೂ ಬರ್ತೀನಿ."

"ನಿಮಗೂ ಒಂದು ಸೀಟು ಹಿಡೀರಿ ಅಂತ ಅಂದೆ. ಗಾದೆಮ್ಮ ಒಪ್ಪಲಿಲ್ಲ. ನನಗ ಸಮುದ್ರ ಬ್ಯಾಡ ಅಂತ ಅವನ ಓಣಿ ತುಂಬ ಹೇಳ್ಯಾನಲ್ಲ ಅಂದ್ಲು. ಆದ್ರೂ ಬಸ್ಸಿನಾಗ ಒಂದು ಸೀಟು ಉಳಿದೈತಂತ. ನಡೀರಿ, ಕೇಳಾಮು."

ಆ ಒಂದು ಸೀಟಿನ ಆಸೆಗೆ ಹುಲುಗೇಶ ಚಪ್ಪಲಿ ಮೆಟ್ಟಿ, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಜೋಳದ ಹೊಲದಲ್ಲಿ ಓಡಿದ. ಮುದುಕಿಯ ಗಂಟನ್ನೂ ಅವನೇ ಹೊತ್ತ. ಕ್ರಾಸಿನಲ್ಲಿ ಸಿಕ್ಕ ಲಾರಿ ಹತ್ತಿ ಊರು ಮುಟ್ಟಿದಾಗ ಓಣಿಯ ಬಾಯಲ್ಲಿ ಬಸ್ಸು ನಿಂತಿತ್ತು. ಡ್ರೈವರು ಟೈರಿಗೆ ನಿಂಬೆಹಣ್ಣು ಇಡುತ್ತಿದ್ದ. ಒಳಗೆ ಓಣಿಯ ಹೆಂಗಸರೆಲ್ಲ ಕೂತಿದ್ದರು. ಗೀತಮ್ಮನ ಬಟ್ಟೆಯ ಚೀಲ ಆಗಲೇ ಆಕೆಯ ಸೀಟಿನ ಮೇಲಿತ್ತು, ಅದರ ಪಕ್ಕದ ಸೀಟು ಖಾಲಿ. ಕಟ್ಟೆಗೆ ಒರಗಿ ನಿಂತಿದ್ದ ಅಜ್ಜಯ್ಯ ಹುಲುಗೇಶನ ಕಣ್ಣು ತಪ್ಪಿಸಿದ. "ನಾನೇನು ಮಾಡ್ಲೋ, ಬಸ್ಸು ಕೇಳಿದ್ರು, ಮಾಡಿಕೊಟ್ಟೆ. ದಂಧಾ ದಂಧಾನ."

ಗಾದೆಮ್ಮ ಬಾಗಿಲಲ್ಲಿ ನಿಂತು, "ಏನವ್ವ, ಸಮುದ್ರ ನೋಡಿದೇನು?" ಅಂದಳು.

"ಇಲ್ಲಕ್ಕ. ತಮ್ಮ ಬಾಯಿಲೆ ಅವ್ರ ಖರೇ ಹೇಳಿದ್ರು. ಅವ್ರಿಗೂ ಸಮುದ್ರ ನೋಡ್ಬೇಕಂತ. ಬರ್ಲಿ ಅಕ್ಕ."

ಬಸ್ಸಿನೊಳಗೆ ಗುಸುಗುಸು ನಡೆಯಿತು. ಗಾದೆಮ್ಮ ಹುಲುಗೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಮುಖದಲ್ಲಿ ಏನು ಕಂಡಿತೋ, ಆಕೆಯ ಗಂಟು ಮುಖ ಸಡಿಲವಾಯಿತು. "ಆತು, ಹತ್ತಪ್ಪ" ಅಂದಳು.

ಹುಲುಗೇಶ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಕಂಕುಳಲ್ಲಿದ್ದ ಗಂಟು ನೆನಪಾಗಿ ಅದನ್ನು ಕೊಡಲು ಹಿಂದೆ ತಿರುಗಿದ. ಓಬಮ್ಮ ಕೆಳಗೆ ನಿಂತಿದ್ದಳು. ಬಾ ಎಂದು ಆಕೆಯನ್ನು ಯಾರೂ ಕರೆದಿರಲಿಲ್ಲ, ಆಕೆಯೂ ಬರುತ್ತೇನೆ ಅನ್ನಲಿಲ್ಲ. "ಹೋಗಿ ಬಾರಪ್ಪ" ಅಂದಳು. "ನಾನು ಬೆಳಗ್ಗೆ ಮಗಳ ಮನೆಗೆ ಹೋಗ್ತೀನಿ. ಆ ನೀರು ತೋರಿಸಿದೆಯಲ್ಲ, ನನಗೆ ಅದೇ ಸಮುದ್ರ."

ಹುಲುಗೇಶ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತ. ಖಾಲಿ ಸೀಟು ಕಾಣುತ್ತಿತ್ತು. ಆಗಲೇ ಹತ್ತಿ ಕೂತಿದ್ದ ಗೀತಮ್ಮ ಅವನನ್ನೇ ನೋಡುತ್ತಿದ್ದಳು, ಹತ್ತು ಅನ್ನಲಿಲ್ಲ, ಇಳಿ ಅನ್ನಲಿಲ್ಲ. ಅವನು ಇಳಿದ. ಮುದುಕಿಯ ರೆಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ, ಆ ಸೀಟಿನಲ್ಲಿ ಕೂರಿಸಿ, ಗಂಟನ್ನು ಆಕೆಯ ತೊಡೆಯ ಮೇಲಿಟ್ಟು ಹೊರಗೆ ಬಂದ. ದುಡ್ಡೂ ಹೋಯಿತು, ಹೊಸ ಕ್ಯಾಮೆರಾವೂ ಹೋಯಿತು, ಸಮುದ್ರವೂ ಹೋಯಿತು.

ಬಸ್ಸು ಚಾಲೂ ಆಯಿತು. ಗೀತಮ್ಮ ಕಿಟಕಿಯಿಂದ ಕೈ ಚಾಚಿ ಮನೆಯ ಕೀಲಿ ಕೊಟ್ಟಳು. ಆಕೆಯ ಕಣ್ಣು ತುಂಬಿತ್ತು. "ಬುತ್ತಿ ಹಂಗ ಐತಿ, ಉಣ್ರಿ. ನಿಮಗ ಏನು ತರ್ಲಿ ಅಲ್ಲಿಂದ?"

ಹುಲುಗೇಶ ಯೋಚಿಸಿದ. "ಅಲ್ಲಿ ಯಾರಾರ ಫೋಟೊ ಹೊಡಿಯೋರು ಇರ್ತಾರ" ಅಂದ. "ನಿನ್ನ ಹಿಂದ ಸಮುದ್ರ ಪೂರಾ ಕಾಣಂಗ ಒಂದು ಫೋಟೊ ಹೊಡಿಸ್ಕೊಂಡು ಬಾ."

"ಹೂಂ" ಅಂದಳು ಗೀತಮ್ಮ. ಬಸ್ಸು ಮುಂದಕ್ಕೆ ಸರಿಯಿತು. ಗಂಡನ ಮನಸ್ಸಿಗೆ ಸಮಾಧಾನವಾಗಲೆಂದು ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: "ಚಿಂತಿ ಮಾಡಬ್ಯಾಡ್ರಿ, ಅವ್ರ ಹತ್ರ ಚಲೋ ಕ್ಯಾಮೆರಾ ಇರತೈತಿ."